ದೇವರಿಗೂ ಮಣ್ಣೇ, ಮನೆಗೂ ಮಣ್ಣೇ

ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವಣ ಬಯಲಿನಲ್ಲಿ ಗೋಪುರ, ಅರಮನೆ, ವ್ಯಾಪಾರಿಯ ಮನೆ ಎಲ್ಲವೂ ಒಂದೇ ಕೆಸರಿನಿಂದ ಎದ್ದವು. ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಉಳಿಸಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸವಾಗಿತ್ತು.

ಮೇಸ್ತ್ರಿ ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಮೇಸ್ತ್ರಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಮೇಸ್ತ್ರಿಯ ಮಗನಿಗೆ ಸಾವು. ಗುಲಾಮ ಸತ್ತರೆ ಬದಲಿಗೆ ಇನ್ನೊಬ್ಬ ಗುಲಾಮನನ್ನು ಕೊಡಬೇಕು. ಸಾಮಾನು ಹಾಳಾದರೆ ಅದರ ಬೆಲೆ ತುಂಬಿಕೊಟ್ಟು, ಬಿದ್ದ ಮನೆಯನ್ನು ತನ್ನದೇ ಖರ್ಚಿನಲ್ಲಿ ಮತ್ತೆ ಎಬ್ಬಿಸಬೇಕು. ಗೋಡೆ ವಾಲಿದರೂ ಅದನ್ನು ಗಟ್ಟಿ ಮಾಡಿಕೊಡುವ ಹೊಣೆ ಅವನದೇ.

ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕ್ರಿ.ಪೂ. 1750ರ ಸುಮಾರಿಗೆ ಕಪ್ಪು ಶಿಲೆಯ ಮೇಲೆ ಕೊರೆಸಿದ ಕಟ್ಟಳೆಗಳಿವು. ಮೇಸ್ತ್ರಿಯ ಕೂಲಿಯೂ ಅದರಲ್ಲೇ ನಿಗದಿಯಾಗಿದೆ: ಒಂದು 'ಸಾರ್', ಅಂದರೆ ಸುಮಾರು 36 ಚದರ ಮೀಟರ್ ಮನೆಗೆ ಎರಡು ಶೆಕೆಲ್ ಬೆಳ್ಳಿ. ಇಂದಿನ ತೂಕದಲ್ಲಿ ಹದಿನಾರು ಗ್ರಾಂ ಚಿಲ್ಲರೆ. ಅಷ್ಟು ಬೆಳ್ಳಿಗೆ ತಲೆಯನ್ನೇ ಒತ್ತೆ ಇಡಬೇಕಿತ್ತು.

ಕಾನೂನು ಇಷ್ಟು ಕಠಿಣವಾಗಿದ್ದುದಕ್ಕೆ ಒಂದು ಕಾರಣ ಆ ನೆಲದಲ್ಲೇ ಇದೆ. ಈಗಿನ ದಕ್ಷಿಣ ಇರಾಕಿನ ಬಯಲಿನಲ್ಲಿ ಕಟ್ಟಡಕ್ಕೆ ಒದಗುವ ಕಲ್ಲು ಇಲ್ಲವೆನ್ನುವಷ್ಟು ವಿರಳ, ದೊಡ್ಡ ಮರಗಳೂ ಇಲ್ಲ. ಇರುವುದು ನದಿ ತಂದು ಹಾಕಿದ ಮೆಕ್ಕಲು ಮಣ್ಣು, ಜೌಗಿನಲ್ಲಿ ಬೆಳೆಯುವ ಜೊಂಡು, ಖರ್ಜೂರದ ಮರ. ಯೂಫ್ರೆಟಿಸ್ ದಂಡೆಯ ಹಿಟ್ ಎಂಬಲ್ಲಿ ನೆಲದಿಂದ ತಾನಾಗಿ ಉಕ್ಕುವ ಡಾಂಬರು ಸಿಗುತ್ತಿತ್ತು. ಜಗತ್ತಿನ ಮೊದಲ ನಗರಗಳು ಎದ್ದದ್ದು ಇಷ್ಟೇ ಸಾಮಗ್ರಿಯಲ್ಲಿ.

ಇಟ್ಟಿಗೆಯ ತಿಂಗಳು

ಮಣ್ಣಿಗೆ ಒಣಹುಲ್ಲು, ನೀರು ಬೆರೆಸಿ ತುಳಿದು, ಮರದ ಅಚ್ಚಿಗೆ ಹಾಕಿ ತೆಗೆದು, ಬಿಸಿಲಿಗೆ ಒಣಗಿಸಿದರೆ ಹಸಿ ಇಟ್ಟಿಗೆ ಸಿದ್ಧ. ವಸಂತದ ನೆರೆ ಇಳಿದು, ಸುಗ್ಗಿ ಮುಗಿದು ಹುಲ್ಲು ಹೇರಳವಾಗುವ ಮೇ–ಜೂನ್ ಹೊತ್ತಿನ 'ಸಿಮಾನು' ಮಾಸ ಇಟ್ಟಿಗೆಯ ತಿಂಗಳೆಂದೇ ಹೆಸರಾಗಿತ್ತು. ಇಟ್ಟಿಗೆಗೆ ಕುಲ್ಲ ಎಂಬ ದೇವರೂ ಇದ್ದ. ಸೌದೆಗೆ ಬರವಿದ್ದ ನಾಡಾದ್ದರಿಂದ ಸುಟ್ಟ ಇಟ್ಟಿಗೆ ತುಟ್ಟಿ. ನೀರು ತಾಗುವ ಕಡೆ, ಗೋಡೆಯ ಬುಡಕ್ಕೆ, ಅಂಗಳದ ಹಾಸಿಗೆ ಮಾತ್ರ ಅದರ ಬಳಕೆ.

ಹಸಿ ಇಟ್ಟಿಗೆಯ ಗೋಡೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಮಳೆ ಬಿದ್ದರೆ ಕರಗುತ್ತದೆ, ಬುಡಕ್ಕೆ ಉಪ್ಪುನೀರು ಏರಿದರೆ ಉದುರುತ್ತದೆ. ಕಾಲಕಾಲಕ್ಕೆ ಮಣ್ಣು ಮೆತ್ತದಿದ್ದರೆ ಗೋಡೆ ಬಾಳುವುದಿಲ್ಲ. ಗುಡಿಸಲಿಗೂ ಗುಡಿಗೂ ಈ ವಿಷಯದಲ್ಲಿ ಭೇದವಿರಲಿಲ್ಲ. ಸುಮೇರಿಯನ್ನರ ಎರಿದು ಪಟ್ಟಣದಲ್ಲಿ ಉತ್ಖನನಕಾರರಿಗೆ ಒಂದರ ಮೇಲೊಂದರಂತೆ ಗುಡಿಗಳ 18 ಹಂತಗಳು ಸಿಕ್ಕವು. ಹಳೆಯದು ಶಿಥಿಲವಾದಾಗ ಅದನ್ನು ತುಂಬಿಸಿ, ಅದೇ ಜಾಗದಲ್ಲಿ ಇನ್ನೂ ದೊಡ್ಡದನ್ನು ಕಟ್ಟುತ್ತ ಹೋಗಿದ್ದರು. ಹಾಗೆ ಎತ್ತರವಾಗುತ್ತ ಬಂದ ಜಗತಿಯೇ ಮುಂದೆ ಜಿಗ್ಗುರಾಟ್ ಎಂಬ ಮೆಟ್ಟಿಲುಗೋಪುರಕ್ಕೆ ದಾರಿ ಮಾಡಿತು.

ಊರ್ ನಗರದ ಜಿಗ್ಗುರಾಟನ್ನು ಕ್ರಿ.ಪೂ. 2100ರ ಸುಮಾರಿಗೆ ದೊರೆ ಊರ್-ನಮ್ಮು ಚಂದ್ರದೇವ ನನ್ನನಿಗಾಗಿ ಆರಂಭಿಸಿದ. ಮಗ ಶುಲ್ಗಿ ಕೆಲಸ ಮುಂದುವರಿಸಿದ. ತಳದ ಉದ್ದ 60 ಮೀಟರಿಗೂ ಹೆಚ್ಚು. ಈಜಿಪ್ಟಿನ ಪಿರಮಿಡ್ಡಿನಂತೆ ಇದು ಸಮಾಧಿಯಲ್ಲ, ಒಳಗೆ ಕೋಣೆಯೂ ಇಲ್ಲ. ನಡುವೆಲ್ಲ ಹಸಿ ಇಟ್ಟಿಗೆ. ಹೊರಗೆ ಡಾಂಬರಿನಲ್ಲಿ ಕೂರಿಸಿದ ಸುಟ್ಟ ಇಟ್ಟಿಗೆಯ ಸುಮಾರು ಎರಡೂವರೆ ಮೀಟರ್ ದಪ್ಪದ ಕವಚ. ಇಟ್ಟಿಗೆ ವರಸೆಗಳ ನಡುವೆ ಜೊಂಡಿನ ಚಾಪೆ ಹಾಸಿದ್ದಾರೆ. ಒಳಗಿನ ತೇವ ಹೊರಬರಲೆಂದು ಗೋಡೆಯ ತುಂಬ ಕಿಂಡಿಗಳನ್ನು ಬಿಟ್ಟಿದ್ದಾರೆ. ಮಣ್ಣಿನ ಗುಣ ಬಲ್ಲವರು ಮಾಡುವ ಕೆಲಸ ಇದು.

ಇಷ್ಟಾದರೂ ಅದು ಹಾಳಾಗದೆ ಉಳಿಯಲಿಲ್ಲ. 1854ರಲ್ಲಿ ಬಸ್ರಾದ ಬ್ರಿಟಿಷ್ ಅಧಿಕಾರಿ ಜೆ.ಇ. ಟೇಲರ್ ಈ ದಿಬ್ಬವನ್ನು ಅಗೆದಾಗ ಮೂಲೆಗಳಲ್ಲಿ ಮಣ್ಣಿನ ಸಿಲಿಂಡರ್ ಶಾಸನಗಳು ಸಿಕ್ಕವು. ಬ್ಯಾಬಿಲೋನಿನ ಕೊನೆಯ ದೊರೆ ನಬೊನಿಡಸ್ ಬರೆಸಿದವು. ಊರ್-ನಮ್ಮು ಶುರು ಮಾಡಿದ್ದ, ಶುಲ್ಗಿ ಪೂರ್ತಿ ಮುಗಿಸಿದ್ದ, ಈಗ ಹಳತಾಗಿರುವ ಗೋಪುರವನ್ನು ತಾನು ಹಿಂದಿನಂತೆಯೇ ಸರಿಪಡಿಸಿದೆ ಎಂಬುದು ಅದರ ಸಾರ. ಕಟ್ಟಿದವರಿಗೂ ರಿಪೇರಿ ಮಾಡಿಸಿದವನಿಗೂ ನಡುವೆ 1500 ವರ್ಷಗಳ ಅಂತರವಿತ್ತು. ಹಳೆಯ ಗುಡಿಯನ್ನು ಎತ್ತಿ ನಿಲ್ಲಿಸುವುದು ಅಲ್ಲಿನ ರಾಜರಿಗೆ ಯುದ್ಧ ಗೆದ್ದಷ್ಟೇ ಹೆಮ್ಮೆಯ ಸಂಗತಿ. ಊರ್-ನಮ್ಮುವಿನ ಕಾಲದ ಅಡಿಪಾಯಗಳಲ್ಲಿ ಹೂತಿಟ್ಟ ತಾಮ್ರದ ಪುಟ್ಟ ಪ್ರತಿಮೆಗಳಲ್ಲಿ ಸ್ವತಃ ದೊರೆಯೇ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದಾನೆ.

ಊರ್ ನಗರದ ಓಣಿಗಳಲ್ಲಿ

1922ರಿಂದ 1934ರವರೆಗೆ ಊರನ್ನು ಅಗೆದ ಲಿಯೊನಾರ್ಡ್ ವೂಲಿ ಹೆಸರಾದದ್ದು ರಾಜಸಮಾಧಿಗಳ ಚಿನ್ನದಿಂದ. ಆದರೆ ಜನ ಹೇಗೆ ಬದುಕಿದ್ದರು ಎಂದು ತಿಳಿಯಲು ಜಿಗ್ಗುರಾಟಿನ ಆಗ್ನೇಯಕ್ಕೆ ಅವರು ತೆರೆದ ವಸತಿ ಓಣಿಗಳಿಗೇ ಬರಬೇಕು. ಹಮ್ಮುರಾಬಿಯ ಕಾಲದ ಆಸುಪಾಸಿನ ಮನೆಗಳವು. ಡೊಂಕುಡೊಂಕಾದ ಆ ಓಣಿಗಳಿಗೆ ವೂಲಿ ಇಂಗ್ಲೆಂಡಿನ ಬೀದಿಗಳ ಹೆಸರನ್ನೇ ಇಟ್ಟರು. ಹೇರು ಹೊತ್ತ ಕತ್ತೆಗೂ ದಾರಿಹೋಕರಿಗೂ ತಗುಲದಂತೆ ಕೆಲವೆಡೆ ಮನೆಗಳ ಮೂಲೆಯನ್ನು ದುಂಡಗೆ ಮಾಡಿದ್ದರು.

ಬೀದಿಗೆ ಕಾಣುವುದು ಕಿಟಕಿಯಿಲ್ಲದ ಗೋಡೆ, ಒಂದು ಬಾಗಿಲು, ಅಷ್ಟೆ. ಒಳಗೆ ಕಾಲಿಟ್ಟರೆ ಚಿಕ್ಕ ಮೊಗಸಾಲೆ. ಅಲ್ಲಿಂದ ತಿರುಗಿದರೆ ನಮ್ಮ ತೊಟ್ಟಿ ಮನೆಯಂತೆ ನಡುವೆ ಬಯಲು, ಸುತ್ತ ಕೋಣೆಗಳು. ಇಟ್ಟಿಗೆ ಹಾಸಿದ ಅಂಗಳ ನಡುವಿಗೆ ಇಳಿಜಾರಾಗಿದ್ದು, ಮಳೆನೀರು ಅಲ್ಲಿನ ಕೊಳವೆಯಲ್ಲಿ ಇಂಗಿ ಹೋಗುತ್ತಿತ್ತು. ಒಲೆಯಿರುವ ಅಡುಗೆಮನೆ, ಅಂಗಳದಾಚೆ ಬಂದವರನ್ನು ಕೂರಿಸುವ ಉದ್ದನೆಯ ಕೋಣೆ, ಹಿಂಬದಿಯಲ್ಲಿ ದೇವರ ಕೋಣೆ. ಆ ದೇವರ ಕೋಣೆಯ ನೆಲದಡಿ ಕಮಾನು ಕಟ್ಟಿದ ಕುಟುಂಬದ ಸಮಾಧಿ. ತೀರಿಕೊಂಡ ಹಿರಿಯರು ಮನೆ ಬಿಟ್ಟು ಹೋಗುತ್ತಿರಲಿಲ್ಲ.

ಇದು ಬಡವರ, ನಡುವರ್ಗದವರ ರೂಢಿ ಮಾತ್ರವಲ್ಲ. ಉತ್ತರದ ನಿಮ್ರುದ್‌ನಲ್ಲಿ ಅಸ್ಸೀರಿಯಾದ ಅರಮನೆಯ ನೆಲಹಾಸಿನಡಿ ಇರಾಕಿ ಪುರಾತತ್ವಜ್ಞ ಮುಜಾಹಿಮ್ ಮಹಮೂದ್ ಹುಸೇನ್ ಅವರಿಗೆ 1980ರ ದಶಕದ ಕೊನೆಯಲ್ಲಿ ರಾಣಿಯರ ಸಮಾಧಿಗಳು ರಾಶಿ ಚಿನ್ನದ ಸಮೇತ ಸಿಕ್ಕವು. ರಾಣಿಯೂ ವ್ಯಾಪಾರಿಯೂ ಮನೆಯ ನೆಲದಡಿಯೇ ಮಲಗಿದ್ದರು.

ಊರ್ ನಗರದ ಅಂಥ ಒಂದು ಮನೆ ತಾಮ್ರದ ವ್ಯಾಪಾರಿ ಏಯ-ನಾಸಿರ್‌ನದು. ಕಳಪೆ ತಾಮ್ರ ಕೊಟ್ಟು, ಕಳಿಸಿದ ಆಳಿಗೂ ಅವಮಾನ ಮಾಡಿದೆ ಎಂದು ನನ್ನಿ ಎಂಬ ಗಿರಾಕಿ ಅವನಿಗೆ ಬರೆದ ಮಣ್ಣಿನ ಹಲಗೆಯ ಪತ್ರ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ತಂದೆ ಸತ್ತರೆ ಮಕ್ಕಳು ಮನೆಯನ್ನು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸುತ್ತಿದ್ದರು. ನಿಪ್ಪುರ್ ನಗರದ ಮನೆಗಳಲ್ಲೂ ಅಲ್ಲಿ ಸಿಕ್ಕ ಪಾಲುಪತ್ರಗಳಲ್ಲೂ ಇದರ ಗುರುತು ಸಿಗುತ್ತದೆ. ಮರ ದುಬಾರಿಯಾದ್ದರಿಂದ ಬಾಗಿಲುಗಳೂ ಲೆಕ್ಕಕ್ಕೆ ಬರುವ ಆಸ್ತಿ. ಬೀದಿಗೆ ಚೆಲ್ಲಿದ ಕಸ, ಬಿದ್ದ ಗೋಡೆಯ ಮಣ್ಣು ಸೇರಿ ಓಣಿಯ ಮಟ್ಟ ವರ್ಷವರ್ಷಕ್ಕೆ ಏರುತ್ತಿತ್ತು. ಹೊಸ್ತಿಲನ್ನು ಎತ್ತರಿಸುತ್ತ ಹೋಗಿ, ಕೊನೆಗೆ ಮನೆಯೊಳಗೆ ಮೆಟ್ಟಿಲಿಳಿದೇ ಹೋಗಬೇಕಾಗುತ್ತಿತ್ತು. ಇರಾಕಿನ ಬಯಲಿನಲ್ಲಿ ಇಂದು ಕಾಣುವ ದಿಬ್ಬಗಳು ಹೀಗೆ ಬೆಳೆದ ಊರುಗಳೇ.

ಶಿಥಿಲ ಗೋಡೆಯ ಭಯ ಎಲ್ಲರಿಗೂ ಇತ್ತು. ಎಷ್ನುನ್ನ ರಾಜ್ಯದ ಕಾನೂನಿನಂತೆ, ಗೋಡೆ ಬೀಳುವಂತಿದೆ ಎಂದು ಕೇರಿಯ ಅಧಿಕಾರಿಗಳು ಎಚ್ಚರಿಸಿದ ಮೇಲೂ ಯಜಮಾನ ಸುಮ್ಮನಿದ್ದು, ಅದು ಬಿದ್ದು ಯಾರಾದರೂ ಸತ್ತರೆ ಅದು ಪ್ರಾಣಕ್ಕೆ ಸಂಬಂಧಿಸಿದ ಪ್ರಕರಣ; ತೀರ್ಪು ದೊರೆಯದು. ಕಾನೂನು ಒಂದು ಕಡೆಯಾದರೆ ಶಕುನ ಇನ್ನೊಂದು ಕಡೆ. 'ಶುಮ್ಮ ಆಲು' ಎಂಬ ನೂರಕ್ಕೂ ಹೆಚ್ಚು ಹಲಗೆಗಳ ಶಕುನಸಂಗ್ರಹದಲ್ಲಿ ಮನೆಯ ಅಡಿಪಾಯ, ಬಾಗಿಲು, ಮನೆಯಲ್ಲಿ ಕಾಣುವ ಇರುವೆ, ಮೈಮೇಲೆ ಬೀಳುವ ಹಲ್ಲಿ, ಎಲ್ಲಕ್ಕೂ ಫಲ ಹೇಳಿದೆ.

ಕಲ್ಲು ಸಿಕ್ಕವರು

ಉತ್ತರದ ಅಸ್ಸೀರಿಯನ್ನರಿಗೆ ಮೋಸುಲ್ ಸುತ್ತಮುತ್ತ ಮೃದುವಾದ ಜಿಪ್ಸಂ ಶಿಲೆ ಸಿಗುತ್ತಿತ್ತು. ಅರಮನೆಯ ಗೋಡೆ ಹಸಿ ಇಟ್ಟಿಗೆಯದೇ. ಕಲ್ಲು ಅದಕ್ಕೆ ಹೊದಿಸಿದ ಚಪ್ಪಡಿ. ಆ ಚಪ್ಪಡಿಗಳ ಮೇಲೆ ಯುದ್ಧ, ಸಿಂಹಬೇಟೆ, ಕಪ್ಪ ಹೊತ್ತು ತರುವವರ ಸಾಲು. ಬಾಗಿಲಲ್ಲಿ ಮನುಷ್ಯನ ಮುಖ, ಗೂಳಿಯ ಮೈ, ಹಕ್ಕಿಯ ರೆಕ್ಕೆಯ ಲಮಸ್ಸು. ಎದುರಿನಿಂದ ನಿಂತಂತೆ, ಪಕ್ಕದಿಂದ ನಡೆದಂತೆ ಕಾಣಲೆಂದು ಅದಕ್ಕೆ ಐದು ಕಾಲು.

ಅಸ್ಸೀರಿಯಾದ ಅರಸರಿಗೆ ಗೃಹಪ್ರವೇಶವೂ ರಾಜಕಾರಣ. ಎರಡನೇ ಅಶುರ್‌ನಾಸಿರ್‌ಪಾಲ್ ನಿಮ್ರುದ್ ಅರಮನೆಯ ಪ್ರವೇಶಕ್ಕೆ 69,574 ಜನರಿಗೆ ಹತ್ತು ದಿನ ಊಟ ಹಾಕಿಸಿದೆನೆಂದು ಕಲ್ಲಿನಲ್ಲಿ ಬರೆಸಿದ್ದಾನೆ. ಎರಡನೇ ಸರ್ಗೋನ್ ಕ್ರಿ.ಪೂ. 717ರಲ್ಲಿ ದೂರ್-ಶರ್ರುಕಿನ್ ಎಂಬ ಹೊಸ ರಾಜಧಾನಿಗೆ ಕೈಹಾಕಿ 706ರಲ್ಲಿ ಉದ್ಘಾಟಿಸಿದ. ಮರುವರ್ಷವೇ ಯುದ್ಧದಲ್ಲಿ ಸತ್ತ. ಮಗ ಸೆನಾಕೆರಿಬ್ ಆ ನಗರವನ್ನು ಬಿಟ್ಟು ನಿನೆವೆಗೆ ಹೋದ. ಅಲ್ಲಿಗೆ ನೀರು ತರಲು ಅವನು ಜೆರ್ವಾನ್‌ನಲ್ಲಿ ಕಟ್ಟಿಸಿದ ಸುಮಾರು 280 ಮೀಟರ್ ಉದ್ದದ ಕಲ್ಲಿನ ಮೇಲ್ಗಾಲುವೆಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಲ್ಲು ಹಿಡಿದಿತ್ತು. ಅದರ ಅವಶೇಷ ಇಂದಿಗೂ ಇದೆ.

ಬೆಲೆಯೇ ಮುಳುವಾದ ಇಟ್ಟಿಗೆ

ಬ್ಯಾಬಿಲೋನಿನ ಎರಡನೇ ನೆಬುಕಡ್ನೆಜರ್ (ಕ್ರಿ.ಪೂ. 605–562) ಮಣ್ಣಿನ ಸಮಸ್ಯೆಗೆ ದುಡ್ಡಿನ ಪರಿಹಾರ ಹುಡುಕಿದ. ದುಬಾರಿ ಸುಟ್ಟ ಇಟ್ಟಿಗೆಯನ್ನು ಲಕ್ಷಗಟ್ಟಲೆ ಮಾಡಿಸಿ, ಅವುಗಳ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಿಸಿದ. ಇಷ್ಟಾರ್ ಮಹಾದ್ವಾರಕ್ಕೆ ನೀಲಿ ಮೆರುಗಿನ ಇಟ್ಟಿಗೆ ಹೊದಿಸಿ, ಗೂಳಿಗಳನ್ನೂ ಹಾವುತಲೆಯ ವಿಚಿತ್ರ ಮೃಗಗಳನ್ನೂ ಉಬ್ಬುಚಿತ್ರವಾಗಿ ಮೂಡಿಸಿದರು. ಮರ್ದುಕ್ ದೇವರ ಎಟೆಮೆನಂಕಿ ಗೋಪುರದ ತಳ ಪ್ರತಿ ಬದಿಗೂ ಸುಮಾರು 91 ಮೀಟರ್. ಬೈಬಲ್ಲಿನ ಬಾಬೆಲ್ ಗೋಪುರದ ಕಥೆಯನ್ನು ಇದರೊಂದಿಗೇ ಜೋಡಿಸುತ್ತಾರೆ.

ಅದೇ ನಗರದ ಮೆರ್ಕೆಸ್ ಬಡಾವಣೆಯಲ್ಲಿ ಜರ್ಮನ್ ಪುರಾತತ್ವಜ್ಞ ರಾಬರ್ಟ್ ಕೋಲ್ಡ್‌ವೈ ಮನೆಗಳನ್ನೂ ಅಗೆದರು. ಮುಖ್ಯ ಕೋಣೆ ಸಾಮಾನ್ಯವಾಗಿ ಅಂಗಳದ ದಕ್ಷಿಣಕ್ಕೆ, ಬಾಗಿಲು ಉತ್ತರಕ್ಕೆ. ಬಿಸಿಲು ನೇರವಾಗಿ ಒಳಗೆ ಬೀಳದಂತೆ ಮಾಡಿಕೊಂಡ ಏರ್ಪಾಡು.

ಸುಟ್ಟ ಇಟ್ಟಿಗೆ ಮಳೆಗೆ ಕರಗಲಿಲ್ಲ, ಆದರೆ ಜನ ಬಿಡಲಿಲ್ಲ. ಶತಮಾನಗಳ ಕಾಲ ಬ್ಯಾಬಿಲೋನಿನ ಇಟ್ಟಿಗೆ ಹತ್ತಿರದ ಹಿಲ್ಲಾ ಪಟ್ಟಣದ ಮನೆಗಳಿಗೆ ಹೋಯಿತು. ಎಟೆಮೆನಂಕಿ ಇದ್ದ ಜಾಗದಲ್ಲಿ ಈಗ ಉಳಿದಿರುವುದು ಹಸಿ ಇಟ್ಟಿಗೆಯ ಒಳಭಾಗ ಮತ್ತು ಸುತ್ತ ಒಂದು ಹಳ್ಳ. 1980ರ ದಶಕದಲ್ಲಿ ಸದ್ದಾಂ ಹುಸೇನ್ ಹಳೆಯ ಅರಮನೆಯ ಅವಶೇಷದ ಮೇಲೆಯೇ ಹೊಸ ಗೋಡೆ ಎಬ್ಬಿಸಿ, ಇಟ್ಟಿಗೆಗಳ ಮೇಲೆ ತನ್ನ ಹೆಸರು ಹಾಕಿಸಿದ. ಯುನೆಸ್ಕೊ 2019ರಲ್ಲಿ ಬ್ಯಾಬಿಲೋನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ನಾಲ್ಕು ವರ್ಷ ಮೊದಲು ಐಎಸ್ ಉಗ್ರರು ನಿಮ್ರುದ್ ಅರಮನೆಯನ್ನು ಸ್ಫೋಟಿಸಿದ್ದರು. ಅಲ್ಲಿ ಒಡೆದ ಚಪ್ಪಡಿಗಳನ್ನು ಜೋಡಿಸುವ ಕೆಲಸ ನಡೆದಿದೆ.

ಕೋಲ್ಡ್‌ವೈ ತಂಡ ಸಾಗಿಸಿದ ಇಟ್ಟಿಗೆಚೂರುಗಳನ್ನು ಜೋಡಿಸಿ ನಿಲ್ಲಿಸಿದ ಇಷ್ಟಾರ್ ದ್ವಾರ ಬರ್ಲಿನ್ನಿನ ಪೆರ್ಗಮೋನ್ ಮ್ಯೂಸಿಯಮ್ಮಿನಲ್ಲಿದೆ. ಕಟ್ಟಡದ ದುರಸ್ತಿಗಾಗಿ 2023ರ ಅಕ್ಟೋಬರ್‌ನಲ್ಲಿ ಆ ಮ್ಯೂಸಿಯಂ ಮುಚ್ಚಿತು. ದ್ವಾರವಿರುವ ಭಾಗವನ್ನು ಮತ್ತೆ ತೆರೆಯುವುದು 2037ಕ್ಕೆ ಎಂಬುದು ಸದ್ಯದ ಯೋಜನೆ.