ನಿಜ ಶಿಲುಬೆಯ ಮರ: ಲಿಯೇಬಾನಾದ ಪವಿತ್ರ ಅವಶೇಷ

ಹಲವು ವರ್ಷಗಳ ಹಿಂದೆ, ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದ ಸ್ಪೇನ್ ಮೂಲದ ವೃದ್ಧೆಯೊಬ್ಬರು ಮುಷ್ಟಿಯಲ್ಲಿದ್ದ ಪುಟ್ಟ ಶಿಲುಬೆಯನ್ನು ನನಗೆ ತೋರಿಸಿದರು. ಅದು ತಮ್ಮ ನಾಡಿನ ಮಠವೊಂದರಲ್ಲಿರುವ ‘ನಿಜ ಶಿಲುಬೆ’ಗೆ ಮುಟ್ಟಿಸಿ ತಂದದ್ದಂತೆ. “ಆ ಮರ ನಿಜವಾದುದೇ ಡಾಕ್ಟರ್?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಬಳಿಕ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ ಮಠ ಉತ್ತರ ಸ್ಪೇನಿನ ಕಾಂತಾಬ್ರಿಯಾದ ಪರ್ವತ ಕಣಿವೆ ಲಿಯೇಬಾನಾದಲ್ಲಿರುವ ಸಾಂತೋ ತೊರಿಬಿಯೋ. ಯೇಸುವನ್ನು ಏರಿಸಿದ ಶಿಲುಬೆಯ ಎಡತೋಳೆಂದು ನಂಬಲಾದ ಮರವನ್ನು ಕೊಯ್ದು, ಶಿಲುಬೆಯ ಆಕಾರದಲ್ಲಿ ಜೋಡಿಸಿ ಅಲ್ಲಿ ಇರಿಸಲಾಗಿದೆ. ಅದರ ಉದ್ದ 635 ಮಿಲಿಮೀಟರ್, ಅಡ್ಡತೋಳು 393 ಮಿಲಿಮೀಟರ್. ಐದನೆಯ ಶತಮಾನದಲ್ಲಿ ಅಸ್ತೋರ್ಗಾದ ಬಿಷಪ್ ತೊರಿಬಿಯೋ ಇದನ್ನು ಜೆರುಸಲೇಮಿನಿಂದ ತಂದರೆಂಬುದು ಐತಿಹ್ಯ.

ಮೂಲ ಕಥೆ ನಾಲ್ಕನೆಯ ಶತಮಾನದ್ದು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಹೆಲೆನಾ ಜೆರುಸಲೇಮಿನಲ್ಲಿ ಅಗೆಸಿದಾಗ ಮೂರು ಶಿಲುಬೆಗಳು ದೊರೆತವಂತೆ. ಯೇಸುವಿನದು ಯಾವುದೆಂದು ತಿಳಿಯಲು ಬಿಷಪ್ ಮಕಾರಿಯಸ್ ಅವುಗಳನ್ನು ಒಂದೊಂದಾಗಿ ಮರಣಶಯ್ಯೆಯಲ್ಲಿದ್ದ ಸ್ತ್ರೀಯೊಬ್ಬಳಿಗೆ ಮುಟ್ಟಿಸಿದರು. ಮೂರನೆಯದು ತಾಕಿದೊಡನೆ ಆಕೆ ಎದ್ದು ಕುಳಿತಳು ಎಂದು ರೂಫಿನಸ್ ಬರೆದಿದ್ದಾನೆ. ವೈದ್ಯನಾದ ನನಗೆ ಈ ಪರೀಕ್ಷೆ ಕುತೂಹಲಕರ: ಹೋಲಿಕೆಗೆ ಬೇರೆ ಎರಡು ಮರಗಳಿದ್ದವು, ಆದರೆ ರೋಗಿ ಒಬ್ಬಳೇ. ಹೆಲೆನಾಳ ಯಾತ್ರೆಯನ್ನು ವರ್ಣಿಸಿದ ಸಮಕಾಲೀನ ಇತಿಹಾಸಕಾರ ಯುಸೇಬಿಯಸ್ ಮಾತ್ರ ಶಿಲುಬೆ ದೊರೆತ ಸಂಗತಿಯನ್ನು ಹೇಳಿಲ್ಲ.

ಆದರೂ ಅದೇ ಶತಮಾನದಲ್ಲಿ ಜೆರುಸಲೇಮಿನಲ್ಲಿ ಅಂಥ ಮರವೊಂದು ಪೂಜೆಗೊಳ್ಳುತ್ತಿದ್ದುದು ನಿಶ್ಚಿತ. ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿಗೆ ಹೋದ ಯಾತ್ರಿಕೆ ಎಜೇರಿಯಾ ಶುಭ ಶುಕ್ರವಾರದ ಆಚರಣೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾಳೆ. ಬಿಷಪರು ಮರದ ಎರಡು ತುದಿಗಳನ್ನು ಕೈಯಿಂದ ಅದುಮಿ ಹಿಡಿಯುತ್ತಿದ್ದರು, ಸುತ್ತ ಕಾವಲಿರುತ್ತಿತ್ತು. ಯಾರೋ ಹಿಂದೊಮ್ಮೆ ಮುತ್ತಿಡುವ ನೆಪದಲ್ಲಿ ಚೂರೊಂದನ್ನು ಕಚ್ಚಿ ಕದ್ದೊಯ್ದಿದ್ದರಂತೆ!

614ರಲ್ಲಿ ಪರ್ಷಿಯನ್ನರು ಆ ಮರವನ್ನು ಒಯ್ದರು. ಸುಮಾರು 630ರಲ್ಲಿ ಚಕ್ರವರ್ತಿ ಹೆರಾಕ್ಲಿಯಸ್ ಮರಳಿ ತಂದನು. ಮುಂದೆ 1187ರ ಹತ್ತೀನ್ ಯುದ್ಧದಲ್ಲಿ ಜೆರುಸಲೇಮಿನ ಅವಶೇಷ ಸಲಾದೀನನ ವಶವಾಯಿತು. ಅಷ್ಟರಲ್ಲಿ ತುಣುಕುಗಳು ಯುರೋಪಿನ ತುಂಬ ಹರಡಿದ್ದವು. ಅವನ್ನೆಲ್ಲ ಕೂಡಿಸಿದರೆ ಹಡಗೊಂದು ತುಂಬೀತೆಂದು 1543ರಲ್ಲಿ ಕ್ಯಾಲ್ವಿನ್ ಗೇಲಿ ಮಾಡಿದನು. 1870ರಲ್ಲಿ ಫ್ರಾನ್ಸಿನ ರೊಹೊ ದ ಫ್ಲೂರಿ ತಾನು ಗುರುತಿಸಿದ ತುಣುಕುಗಳ ಲೆಕ್ಕ ಹಾಕಿದಾಗ ದೊರೆತದ್ದು ಸುಮಾರು 39 ಲಕ್ಷ ಘನ ಮಿಲಿಮೀಟರ್. ಇಡೀ ಶಿಲುಬೆಗೆ ಅವನ ಅಂದಾಜು 17 ಕೋಟಿ 80 ಲಕ್ಷ. ಹಡಗಿನ ಮಾತು ಉತ್ಪ್ರೇಕ್ಷೆಯೆಂದಾಯಿತು. ಆದರೆ ತುಣುಕುಗಳು ಸಾಚಾ ಎಂಬುದಕ್ಕೆ ಅದು ಪುರಾವೆಯಲ್ಲ.

ಲಿಯೇಬಾನಾದ ಮರವನ್ನು 1958ರಲ್ಲಿ ಮ್ಯಾಡ್ರಿಡಿನ ಅರಣ್ಯ ತಜ್ಞರು ಪರೀಕ್ಷಿಸಿದರು. ಅದು ಮೆಡಿಟರೇನಿಯನ್ ಸೈಪ್ರೆಸ್. ಪ್ಯಾಲೆಸ್ಟೈನಿನಲ್ಲಿಯೂ ಬೆಳೆಯುವ ಮರ. ರೋಗಲಕ್ಷಣವೊಂದು ಕಾಯಿಲೆಗೆ ಹೊಂದಿಕೊಂಡ ಮಾತ್ರಕ್ಕೆ ರೋಗನಿರ್ಣಯವಾಗುವುದಿಲ್ಲ, ಇಲ್ಲಿಯೂ ಹಾಗೆಯೇ. ಮರದ ಜಾತಿ ಐತಿಹ್ಯಕ್ಕೆ ವಿರುದ್ಧವಾಗಿಲ್ಲ, ಅದನ್ನು ಸ್ಥಾಪಿಸುವುದೂ ಇಲ್ಲ.

ಭಕ್ತರು ಈ ತೀರ್ಪಿಗಾಗಿ ಕಾದಿಲ್ಲ. ಸಂತ ತೊರಿಬಿಯೋರ ಹಬ್ಬವಾದ ಏಪ್ರಿಲ್ 16 ಭಾನುವಾರ ಬಂದ ವರ್ಷವನ್ನು ಮಠವು ಜುಬಿಲಿಯಾಗಿ ಆಚರಿಸುತ್ತದೆ. ಪೋಪ್ ಎರಡನೆಯ ಜೂಲಿಯಸ್ 1512ರಲ್ಲಿ ಮಾನ್ಯಮಾಡಿದ ಹಕ್ಕದು. ಅಂದು ‘ಕ್ಷಮೆಯ ಬಾಗಿಲು’ ತೆರೆಯುತ್ತದೆ. 2023ರಲ್ಲಿ ತೆರೆದಿತ್ತು, ಮುಂದಿನದು 2028ರಲ್ಲಿ.

ಆ ವೃದ್ಧೆಗೆ ನಾನು ಅಂದು, “ನನಗೆ ತಿಳಿಯದಮ್ಮ, ಆದರೆ ನೀವು ಎಚ್ಚರಗೊಂಡಾಗ ಇದು ನಿಮ್ಮ ಕೈಗೆ ಸಿಗುವಂತೆ ನೋಡಿಕೊಳ್ಳುತ್ತೇನೆ” ಎಂದಿದ್ದೆ. ಇಷ್ಟು ಓದಿದ ಮೇಲೂ ಆ ಮಾತನ್ನು ಬದಲಿಸಬೇಕೆಂದು ನನಗೆ ಅನಿಸಿಲ್ಲ.