ಕಾದ ಬಂಡೆಯ ವರ್ತನೆ: ವಿಕಿರಣಶೀಲ ತ್ಯಾಜ್ಯ, ಕೋಲಾರದ ಗಣಿ ಮತ್ತು ದೇಶಗಳ ಜಂಟಿ ಸಂಶೋಧನೆ

ಬಳಕೆ ಮುಗಿದು, ಮತ್ತೆ ಉಪಯೋಗಕ್ಕೆ ಬಾರದಿದ್ದರೂ ವಿಕಿರಣವನ್ನು ಸೂಸುತ್ತಲೇ ಇರುವ ವಸ್ತುವಿಗೆ ವಿಕಿರಣಶೀಲ ತ್ಯಾಜ್ಯವೆಂದು ಹೆಸರು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2009ರಲ್ಲಿ ಇದನ್ನು ಆರು ವರ್ಗಗಳಾಗಿ ವಿಂಗಡಿಸಿದೆಯಾದರೂ ಸಾಮಾನ್ಯ ಓದುಗರಿಗೆ ಕೆಳಮಟ್ಟದ, ಮಧ್ಯಮ ಮಟ್ಟದ ಮತ್ತು ಉನ್ನತ ಮಟ್ಟದ ತ್ಯಾಜ್ಯ ಎಂಬ ಮೂರು ವರ್ಗಗಳು ಸಾಕು. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಅಲ್ಲಿ ಬಳಸಿ ಬಿಟ್ಟ ಕೈಗವಸು, ಒರೆಸುವ ಬಟ್ಟೆ, ಫಿಲ್ಟರುಗಳಂಥವು ಮೊದಲೆರಡು ವರ್ಗಗಳಿಗೆ ಸೇರುತ್ತವೆ. ದೇಶದ ಉಳಿದ ಪರಮಾಣು ವಿದ್ಯುತ್ ಕೇಂದ್ರಗಳಲ್ಲಿರುವಂತೆ ಅಲ್ಲಿಯೂ ಇವನ್ನು ಕೇಂದ್ರದ ಆವರಣದಲ್ಲಿ, ನೆಲದ ಮೇಲ್ಪದರದಲ್ಲಿ ಕಟ್ಟಿದ ಕಾಂಕ್ರೀಟ್ ಕಂದಕಗಳಲ್ಲಿ ಇರಿಸಿ ಕಾಯಲಾಗುತ್ತದೆ. ಕಠಿಣ ಪ್ರಶ್ನೆ ಇರುವುದು ಮೂರನೆಯ ವರ್ಗದಲ್ಲಿ. ಗಾತ್ರದಲ್ಲಿ ಒಟ್ಟು ತ್ಯಾಜ್ಯದ ಸುಮಾರು ಶೇ. 3ರಷ್ಟೇ ಆಗಿರುವ ಈ ವರ್ಗವು ಒಟ್ಟು ವಿಕಿರಣಶೀಲತೆಯ ಸುಮಾರು ಶೇ. 95ರಷ್ಟನ್ನು ತನ್ನೊಳಗೆ ಹೊತ್ತಿರುತ್ತದೆ.

ಉನ್ನತ ಮಟ್ಟದ ತ್ಯಾಜ್ಯವೆಂದರೆ ಪೀಪಾಯಿಗಳಲ್ಲಿ ತುಂಬಿಟ್ಟ ದ್ರವ, ಎಂದಾದರೊಂದು ದಿನ ಅದು ಸೋರಿ ಹರಿದೀತು ಎಂಬ ಭಯ ಜನರಲ್ಲಿ ಸಾಮಾನ್ಯವಾಗಿದೆ. ಉರಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ, ಮತ್ತೆ ಬಳಸಬಹುದಾದ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವುದು ದ್ರವವೇ ಹೌದು. ಆದರೆ ಭಾರತದಲ್ಲಿ ತಾರಾಪುರ, ಟ್ರಾಂಬೆ ಮತ್ತು ಕಲ್ಪಾಕ್ಕಂಗಳಲ್ಲಿ ಆ ದ್ರವವನ್ನು ಬೋರೋಸಿಲಿಕೇಟ್ ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಎರಕ ಹೊಯ್ದು ಘನರೂಪಕ್ಕೆ ತರುವ ವ್ಯವಸ್ಥೆಯಿದೆ. ಆ ಡಬ್ಬಿಗಳನ್ನು ಗಾಳಿಯಿಂದ ತಣಿಯುವ ಕೋಣೆಗಳಲ್ಲಿ ದಶಕಗಳ ಕಾಲ ಇಡಬೇಕಾಗುತ್ತದೆ, ಏಕೆಂದರೆ ಅವು ತಾವಾಗಿಯೇ ಬಿಸಿಯಾಗಿರುತ್ತವೆ.

ಈ ಬಿಸಿಯ ಮೂಲವನ್ನು ಅರಿತರೆ ಇನ್ನೊಂದು ತಪ್ಪು ತಿಳಿವಳಿಕೆಯೂ ಸರಿಹೋಗುತ್ತದೆ. ಒಂದು ವಿಕಿರಣಶೀಲ ಐಸೊಟೋಪಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲವೇ ಅರ್ಧಾಯು. ಅದು ದೀರ್ಘವಾದಷ್ಟೂ ಅಪಾಯ ಹೆಚ್ಚೆಂದು ಬಹುಜನರು ಭಾವಿಸುತ್ತಾರೆ. ಪರಮಾಣುಗಳ ಸಂಖ್ಯೆ ಸಮನಾಗಿದ್ದಾಗ ಅರ್ಧಾಯು ಕಿರಿದಾದಷ್ಟೂ ವಿಕಿರಣ ತೀವ್ರವಾಗುತ್ತದೆಂಬುದು ವಾಸ್ತವ. ಸುಮಾರು 30 ವರ್ಷಗಳ ಅರ್ಧಾಯುವಿರುವ ಸೀಸಿಯಂ-137 ಮತ್ತು ಸುಮಾರು 29 ವರ್ಷಗಳ ಸ್ಟ್ರಾಂಷಿಯಂ-90 ಇವೆರಡೇ ಮೊದಲ ಶತಮಾನಗಳ ಶಾಖದ ಬಹುಪಾಲನ್ನು ಹೊರಸೂಸುತ್ತವೆ, ಹಾಗೂ ಹತ್ತು ಅರ್ಧಾಯುಗಳು ಕಳೆದಾಗ, ಅಂದರೆ ಸುಮಾರು 300 ವರ್ಷಗಳಲ್ಲಿ, ಸಾವಿರದ ಒಂದು ಪಾಲಿಗೆ ಇಳಿಯುತ್ತವೆ. ಪ್ಲುಟೋನಿಯಂ-239ರ ಅರ್ಧಾಯು 24,100 ವರ್ಷಗಳು. ಅದರ ವಿಕಿರಣ ಮಂದವಾದರೂ ಅದು ನೀರಿನ ಮೂಲಕ ದೇಹವನ್ನು ಸೇರದಂತೆ ಬಹುದೀರ್ಘ ಕಾಲ ತಡೆಯಬೇಕಾಗುತ್ತದೆ. ಹೀಗೆ ಶಾಖವು ಕೆಲವು ಶತಮಾನಗಳ ಸಮಸ್ಯೆಯಾದರೆ ನೀರು ಲಕ್ಷಾಂತರ ವರ್ಷಗಳ ಸಮಸ್ಯೆ, ಮತ್ತು ಮೊದಲನೆಯದನ್ನು ಸರಿಯಾಗಿ ನಿಭಾಯಿಸದಿದ್ದರೆ ಎರಡನೆಯದು ಬಿಗಡಾಯಿಸುತ್ತದೆ. ಆಳದ ಬಂಡೆಯಲ್ಲಿ ತ್ಯಾಜ್ಯವನ್ನು ಹೂಳುವ ವಿಚಾರವಾಗಿ ನಡೆದಿರುವ ಸಂಶೋಧನೆಗಳಲ್ಲಿ ಅತ್ಯಂತ ಸೊಗಸಾದ ಭಾಗ ಈ ಎರಡು ಸಮಸ್ಯೆಗಳು ಕೂಡುವ ಜಾಗದಲ್ಲೇ ಇದೆ.

ಬಂಡೆಯೆಂದರೆ ಒಂದೇ ಗಟ್ಟಿ ಎಂದು ಭಾವಿಸುವವರು ಈ ವಿಷಯದಲ್ಲಿ ಮುಗ್ಗರಿಸುತ್ತಾರೆ. ಚಿತ್ರದುರ್ಗ ಸೀಮೆಯ ರೈತರಿಗೆ ಈ ಭ್ರಮೆ ಇರಲಾರದು. ಹೊಳಲ್ಕೆರೆಯ ಅಡಿಕೆ ತೋಟದಲ್ಲಾಗಲಿ ಹಿರಿಯೂರಿನ ತೆಂಗಿನ ತೋಟದಲ್ಲಾಗಲಿ ಪಾಯಿಂಟ್ ಮಾಡಿಸಿ ಕೊರೆಸಿದ ಒಂದು ಬೋರ್‌ವೆಲ್‌ನಲ್ಲಿ ಬರೀ ದೂಳೆದ್ದು, ಅದರಿಂದ ಕೆಲವೇ ಮಾರು ದೂರದ ಇನ್ನೊಂದರಲ್ಲಿ ನೀರು ಚಿಮ್ಮುವುದನ್ನು ಅವರು ಕಂಡಿರುತ್ತಾರೆ. ಗಟ್ಟಿ ಶಿಲೆಯ ಕಣಗಳ ನಡುವೆ ನೀರು ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಅದು ಹರಿಯುವುದು ಬಿರುಕುಗಳಲ್ಲಿ, ಅದರಲ್ಲಿಯೂ ಪರಸ್ಪರ ಕೂಡಿಕೊಂಡ ಬಿರುಕುಗಳಲ್ಲಿ ಮಾತ್ರ. ಚಿತ್ರದುರ್ಗದ ಕೋಟೆಬೆಟ್ಟದ ದುಂಡು ಗುಂಡುಗಳು ಸಹ ಈ ಮಾತಿಗೆ ಸಾಕ್ಷಿ: ಗ್ರಾನೈಟಿನ ಅಡ್ಡ ಮತ್ತು ಉದ್ದ ಸೀಳುಗಳಿಗೆ ಇಳಿದ ನೀರು ಅವುಗಳ ಅಂಚುಗಳನ್ನು ಯುಗಯುಗಗಳ ಕಾಲ ಕೊರೆದು ಒಂದೇ ಬಂಡೆಯನ್ನು ರಾಶಿ ಗುಂಡುಗಳನ್ನಾಗಿ ಬಿಡಿಸಿದೆ. ಆಳದಲ್ಲಿ ಹೂತ ತ್ಯಾಜ್ಯವು ಮನುಷ್ಯರ ಬಳಿಗೆ ಬರಲು ಇರುವ ಮುಖ್ಯ ವಾಹನ ಅಂತರ್ಜಲವೇ ಆದ್ದರಿಂದ, ಇಡೀ ಪ್ರಶ್ನೆ ಕೊನೆಗೆ ಬಿರುಕುಗಳ ನಡವಳಿಕೆಗೆ ಬಂದು ನಿಲ್ಲುತ್ತದೆ.

ಬಿಸಿ ಡಬ್ಬಿಯನ್ನು ಬಂಡೆಯೊಳಗೆ ಇಟ್ಟಾಗ ಸುತ್ತಲಿನ ಶಿಲೆ ಹಿಗ್ಗಲು ತೊಡಗುತ್ತದೆ. ನಾಲ್ಕೂ ಕಡೆ ಬಂಡೆಯೇ ಇರುವುದರಿಂದ ಹಿಗ್ಗಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಸಮೀಪದ ಬಿರುಕುಗಳು ಮುಚ್ಚಿಕೊಳ್ಳಬಹುದು, ಅದೇ ಹೊತ್ತಿಗೆ ದೂರದ ಕೆಲವು ಬಿರುಕುಗಳು ತೆರೆದುಕೊಳ್ಳಬಹುದು ಅಥವಾ ಪಕ್ಕಕ್ಕೆ ಸರಿಯಬಹುದು. ಬಿರುಕಿನಲ್ಲಿ ಸಿಕ್ಕಿಬಿದ್ದ ನೀರು ಕಲ್ಲಿಗಿಂತ ಹೆಚ್ಚು ಹಿಗ್ಗುವುದರಿಂದ ಅದರ ಒತ್ತಡವೂ ಏರುತ್ತದೆ. ಶತಮಾನಗಳ ನಂತರ ಬಂಡೆ ತಣಿದು ಕುಗ್ಗಿದಾಗ, ಒಮ್ಮೆ ಸರಿದ ಬಿರುಕು ಮೊದಲಿನ ಜಾಗಕ್ಕೇ ಮರಳುತ್ತದೆಂಬ ಖಾತರಿಯಿಲ್ಲ. ಅಂಗೈ ಅಗಲದ ಕಲ್ಲಿನ ತುಂಡನ್ನು ಪ್ರಯೋಗಾಲಯಕ್ಕೆ ತಂದು ಕಾಯಿಸಿದರೆ ಇದಾವುದೂ ಕಾಣುವುದಿಲ್ಲ, ಏಕೆಂದರೆ ಆ ತುಂಡಿನಲ್ಲಿ ದೊಡ್ಡ ಬಿರುಕುಗಳೇ ಇರುವುದಿಲ್ಲ. ಬಂಡೆಯನ್ನು ಅದಿರುವ ಆಳದಲ್ಲೇ, ಅದರ ಮೇಲಿನ ಭಾರದೊಂದಿಗೇ ಕಾಯಿಸಿ ನೋಡಬೇಕು.

ಸ್ವೀಡನ್ನಿನ ಸ್ಟ್ರಿಪಾ ಎಂಬಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿದ್ದ ಕಬ್ಬಿಣದ ಗಣಿಯಲ್ಲಿ 1977ರಿಂದ ಸ್ವೀಡನ್ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ ಇದನ್ನೇ ಮಾಡಿದರು. ಸುಮಾರು 340 ಮೀಟರ್ ಆಳದ ಗ್ರಾನೈಟಿನಲ್ಲಿ ಡಬ್ಬಿಯ ಬದಲು ವಿದ್ಯುತ್ ಹೀಟರುಗಳನ್ನು ಇಳಿಸಿ, ಸುತ್ತಲೂ ತಾಪಮಾನ, ಒತ್ತಡ ಮತ್ತು ಬಂಡೆಯ ಸರಿದಾಟವನ್ನು ಅಳೆದರು. ಶಾಖ ಹೇಗೆ ಹರಡುತ್ತದೆಂಬ ಲೆಕ್ಕ ಬಹುಮಟ್ಟಿಗೆ ಸರಿಯಾಯಿತು. ಬಂಡೆ ಎಷ್ಟು ಹಿಗ್ಗುತ್ತದೆಂಬ ಲೆಕ್ಕ ಮಾತ್ರ ತಪ್ಪಿತು. ಬಿರುಕುಗಳು ಮುಚ್ಚಿಕೊಳ್ಳುತ್ತಾ ಹಿಗ್ಗಿನ ಒಂದು ಭಾಗವನ್ನು ತಾವೇ ನುಂಗಿಕೊಂಡಿದ್ದರಿಂದ ಬಂಡೆಯು ಲೆಕ್ಕ ಹೇಳಿದ್ದಕ್ಕಿಂತ ಬಹಳ ಕಡಿಮೆ ಸರಿದಿತ್ತು. ಈ ತಪ್ಪಿದ ಲೆಕ್ಕವು ಸರಿಯಾದ ಲೆಕ್ಕಕ್ಕಿಂತ ಹೆಚ್ಚು ಬೆಲೆಬಾಳುವಂಥದ್ದು. 1980ರಿಂದ 1992ರವರೆಗೆ ಹಲವು ದೇಶಗಳು ಅದೇ ಗಣಿಯಲ್ಲಿ ಜಂಟಿಯಾಗಿ ಸಂಶೋಧನೆ ಮುಂದುವರಿಸಿದವು.

ಕನ್ನಡ ನಾಡೂ ಈ ಕೆಲಸದಲ್ಲಿ ಹಿಂದುಳಿದಿರಲಿಲ್ಲ ಎಂಬುದು ಇಲ್ಲಿನ ವಿದ್ಯಾರ್ಥಿಗಳಿಗೇ ಅಷ್ಟಾಗಿ ತಿಳಿದಿಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಬಳಕೆ ತಪ್ಪಿದ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಕಪ್ಪು ಹಸಿರು ಬಣ್ಣದ ಗಡಸು ಶಿಲೆಯಾದ ಆಂಫಿಬೋಲೈಟನ್ನು ಕಾಯಿಸಿ ಅದರ ವರ್ತನೆಯನ್ನು ಅಳೆಯುವ ಪ್ರಯೋಗವನ್ನು ಎಂಟು ವರ್ಷಗಳ ಕಾಲ ನಡೆಸಿತು. ಬಂಡೆಯನ್ನು ಇದ್ದಲ್ಲಿಯೇ ಪರೀಕ್ಷಿಸುವ ವಿಧಾನಗಳನ್ನು ರೂಪಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಅಲ್ಲಿ ತ್ಯಾಜ್ಯವನ್ನು ಹೂಳಲಿಲ್ಲ, ತ್ಯಾಜ್ಯದ ಶಾಖವನ್ನು ಅನುಕರಿಸಲಾಯಿತು. ಕೂಡಂಕುಳಂ ಪರಮಾಣು ಸ್ಥಾವರದ ತ್ಯಾಜ್ಯವನ್ನು ಕೋಲಾರದ ಈ ಚಿನ್ನದ ಗಣಿಗೆ ತರುತ್ತಾರೆಂಬ ಸುದ್ದಿ 2012ರ ನವೆಂಬರಿನಲ್ಲಿ ಹಬ್ಬಿದಾಗ ಅಲ್ಲಿನ ಜನ ಬೀದಿಗಿಳಿದು ಪ್ರತಿಭಟಿಸಿದರು, ಮತ್ತು ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಆ ಆತಂಕ ಸಹಜವಾದದ್ದು. ಅದಕ್ಕೆ ಶಿಲಾವಿಜ್ಞಾನದ ಬೆಂಬಲವೂ ಇದೆ. ನೂರಕ್ಕೂ ಹೆಚ್ಚು ವರ್ಷಗಳ ಕಾಲ ತೋಡಿದ, ಶಿಲಾಸ್ಫೋಟಗಳಿಗೆ ಹೆಸರಾದ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಸುರಂಗಗಳೆಲ್ಲ ಒಂದಕ್ಕೊಂದು ಕೂಡಿಕೊಂಡ, 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡ ಗಣಿಯು ತ್ಯಾಜ್ಯ ಹೂಳಲು ಬೇಕಾದ ಲಕ್ಷಣಗಳಿಗೆ ತದ್ವಿರುದ್ಧವಾಗಿದೆ. ಪ್ರಯೋಗಕ್ಕೆ ಒದಗುವ ಜಾಗ ಮತ್ತು ಹೂಳಲು ಒದಗುವ ಜಾಗ ಬೇರೆ ಬೇರೆ ಎಂಬುದನ್ನು ಆಗಲೇ ಜನರಿಗೆ ಬಿಡಿಸಿ ಹೇಳಿದ್ದರೆ ಒಳಿತಾಗುತ್ತಿತ್ತು. ಅದೇ ಗಣಿಯ ಇನ್ನೂ ಆಳದಲ್ಲಿ 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಒಟ್ಟಾಗಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿದ್ದರು ಎಂಬುದನ್ನು ನೆನೆದರೆ, ದೇಶಗಳ ಸಹಕಾರಕ್ಕೆ ಕೋಲಾರ ಹೊಸದಾಗಿರಲಿಲ್ಲವೆಂಬುದೂ ಹೊಳೆಯುತ್ತದೆ.

ಇಂದಿನ ಸಹಕಾರದ ಸ್ವರೂಪವೂ ಗಮನಾರ್ಹವಾಗಿದೆ. 1992ರಲ್ಲಿ ಆರಂಭವಾದ ಡೆಕೊವಾಲೆಕ್ಸ್ ಎಂಬ ಯೋಜನೆಯಲ್ಲಿ ಹಲವು ದೇಶಗಳ ತಂಡಗಳು ಒಂದೇ ಪ್ರಯೋಗವನ್ನು ತಮ್ಮ ತಮ್ಮ ಗಣಕ ಮಾದರಿಗಳಿಂದ ಸ್ವತಂತ್ರವಾಗಿ ಲೆಕ್ಕಹಾಕಿ, ಬಳಿಕ ಅಳತೆಗಳೊಂದಿಗೆ ಹೋಲಿಸಿ ನೋಡುತ್ತವೆ. ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಸುರಂಗದಲ್ಲಿ, ಒದ್ದೆಯಾದಾಗ ಉಬ್ಬಿ ಬಿರುಕು ಮುಚ್ಚುವ ಬೆಂಟೊನೈಟ್ ಜೇಡಿಯನ್ನು ಹೀಟರುಗಳ ಸುತ್ತ ತುಂಬಿ 1997ರಲ್ಲಿ ಆರಂಭಿಸಿದ ಪ್ರಯೋಗ 2015ರವರೆಗೆ ನಡೆಯಿತು. ಹದಿನೆಂಟು ವರ್ಷಗಳ ತಾಳ್ಮೆ ಒಂದು ತಂಡಕ್ಕೆ, ಒಂದು ಸರ್ಕಾರದ ಅವಧಿಗೆ ಮೀರಿದ್ದು. ಫಿನ್ಲೆಂಡ್ ಸುಮಾರು 190 ಕೋಟಿ ವರ್ಷ ಹಳೆಯ ಶಿಲೆಯಲ್ಲಿ, ನಾನೂರು ಮೀಟರಿಗೂ ಆಳದಲ್ಲಿ ತನ್ನ ಭೂಗತ ಭಂಡಾರವನ್ನು ಕೊರೆದಿರುವುದರ ಹಿಂದೆ ಈ ಹಂಚಿಕೊಂಡ ಅನುಭವವಿದೆ. ತ್ಯಾಜ್ಯ ಸುರಕ್ಷತೆಯ ವರದಿಗಳನ್ನು ದೇಶಗಳು ಪರಸ್ಪರ ಪರಿಶೀಲಿಸುವ 1997ರ ಜಂಟಿ ಒಡಂಬಡಿಕೆಯ ಸದಸ್ಯರಲ್ಲಿ ಭಾರತ ಇಲ್ಲದಿರುವುದು ಕೊರತೆಯೇ ಸರಿ. ಭಾರತದ ಭಂಡಾರಕ್ಕೆ ಜಾಗ ಆಯ್ಕೆಯಾಗುವ ಮೊದಲೇ ಇಂಥ ಪರಿಶೀಲನೆಗೆ ತೆರೆದುಕೊಂಡರೆ ಜನರ ವಿಶ್ವಾಸ ಬೆಳೆಯುತ್ತದೆ.

ಕೋಲಾರದ ಆ ಎಂಟು ವರ್ಷಗಳ ಅಳತೆಗಳು ಕರ್ನಾಟಕದ ಭೂವಿಜ್ಞಾನ ವಿಭಾಗಗಳ ಪಾಠಗಳಲ್ಲಿ, ಕನ್ನಡದಲ್ಲಿ, ಸ್ಥಾನ ಪಡೆಯಬೇಕು. ಚಿತ್ರದುರ್ಗದ ಶಿಲಾಪಟ್ಟಿಯೂ ಕೋಲಾರದ ಶಿಲಾಪಟ್ಟಿಯೂ 250 ಕೋಟಿ ವರ್ಷಗಳಿಗಿಂತ ಹಳೆಯವು, ಎರಡೂ ಧಾರವಾಡ ಕ್ರೇಟಾನ್ ಎಂಬ ಪ್ರಾಚೀನ ಶಿಲಾಖಂಡಕ್ಕೇ ಸೇರಿದವು; ಬಿರುಕುಬಿಟ್ಟ ಗಟ್ಟಿ ಶಿಲೆಯಲ್ಲಿ ನೀರು ಚಲಿಸುವ ಬಗೆಯನ್ನು ಕಲಿಯಲು ಹೊಸದುರ್ಗ ಮತ್ತು ಹಿರಿಯೂರಿನ ವಿದ್ಯಾರ್ಥಿಗಳು ಬೇರೆಲ್ಲಿಗೂ ಹೋಗಬೇಕಿಲ್ಲ. ಪ್ರತಿಯೊಂದು ಬೋರ್‌ವೆಲ್ ಕೊರೆಯುವಾಗ ಎಷ್ಟು ಅಡಿಗೆ ಯಾವ ಕಲ್ಲು ಬಂತು, ಎಷ್ಟು ಅಡಿಗೆ ಸೀಳು ಸಿಕ್ಕಿತು, ನೀರು ಎಷ್ಟು ಬಂತು ಎಂಬುದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಕಾಲೇಜುಗಳು ಕೈಗೆತ್ತಿಕೊಂಡರೆ, ಸ್ಟ್ರಿಪಾದ ತಂಡಗಳು ಕೊರೆದ ರಂಧ್ರಗಳಲ್ಲಿ ಮೊದಲು ದಾಖಲಿಸಿಕೊಂಡಂಥ ಮಾಹಿತಿಯೇ ಇಲ್ಲಿಯೂ ಕೂಡಿಬರುತ್ತದೆ, ಮತ್ತು ಅದು ಬರಗಾಲದ ಈ ಸೀಮೆಯ ಕುಡಿಯುವ ನೀರಿಗೂ ಒದಗುತ್ತದೆ.