ಮನುಷ್ಯರಿಲ್ಲದ ರಾಜ್ಯದಲ್ಲಿ ಮನುಷ್ಯರ ಮಾತು: ‘ದಿ ಲಯನ್ ಕಿಂಗ್’ ಚಿತ್ರದ ಹೆಸರುಗಳನ್ನು ಕುರಿತು

ಪ್ರಾಣಿಗಳನ್ನು ಪ್ರಭುಗಳನ್ನಾಗಿಸಿ ಕಥೆ ಹೇಳುವ ಪರಂಪರೆ ಬಹು ಪ್ರಾಚೀನವಾದುದು. ಆ ಪ್ರಾಣಿಗಳ ಮಾತು ಯಾವ ಭಾಷಿಕ ಸಮುದಾಯದಿಂದ ಬಂದುದು ಎಂಬ ಪ್ರಶ್ನೆಯನ್ನು ಮಾತ್ರ ನಾವು ಸಾಮಾನ್ಯವಾಗಿ ಕೇಳುವುದಿಲ್ಲ. 1994ರಲ್ಲಿ ತೆರೆಕಂಡ ಡಿಸ್ನಿ ಸಂಸ್ಥೆಯ ‘ದಿ ಲಯನ್ ಕಿಂಗ್’ ಈ ಪ್ರಶ್ನೆಯನ್ನು ಕೇಳಲೇಬೇಕಾದ ಪಠ್ಯ. ಅಲ್ಲಿಯ ‘ಪ್ರೈಡ್ ಲ್ಯಾಂಡ್ಸ್’ ಸಿಂಹಗಳ ಆಳ್ವಿಕೆಯಲ್ಲಿರುವ ಒಂದು ಕಾಲ್ಪನಿಕ ಹುಲ್ಲುಗಾವಲು ರಾಜ್ಯ. ಅದರ ಭೂದೃಶ್ಯಕ್ಕಾಗಿ ಕಲಾವಿದರು ಕೀನ್ಯಾದ ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನವನ್ನು ನೋಡಿಬಂದಿದ್ದರು. ‘ಕಾಡಿನ ರಾಜ’ ಎಂಬರ್ಥದ ಮೊದಲ ಶೀರ್ಷಿಕೆಯನ್ನು, ಸಿಂಹವು ದಟ್ಟಡವಿಯ ಪ್ರಾಣಿಯಲ್ಲವೆಂಬ ಕಾರಣಕ್ಕೆ ಕೈಬಿಡಲಾಯಿತು. ನೆಲದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಈ ಚಿತ್ರದಲ್ಲಿ ಆ ನೆಲದ ಮನುಷ್ಯನೊಬ್ಬನೂ ಕಾಣಿಸುವುದಿಲ್ಲ. ಅವನ ಮಾತು ಮಾತ್ರ ಹೆಸರುಗಳಾಗಿ ಉಳಿದಿದೆ.

ಈ ಹೆಸರುಗಳಲ್ಲಿ ಹಲವು ಸ್ವಾಹಿಲಿ ಭಾಷೆಯವು. ‘ಸಿಂಬಾ’ ಎಂದರೆ ಸಿಂಹ. (ಧ್ವನಿಸಾಮ್ಯವನ್ನು ಕಂಡು ಸಂಸ್ಕೃತದ ‘ಸಿಂಹ’ದೊಡನೆ ನಂಟು ಕಲ್ಪಿಸುವ ಅವಸರ ಬೇಡ. ಇದು ಬಾಂಟು ಮೂಲದ ಪದ. ಇದರ ಜ್ಞಾತಿಪದಗಳು ಸೋದರ ಭಾಷೆಗಳಲ್ಲಿ ಕಾಡುಬೆಕ್ಕನ್ನು ಸೂಚಿಸುತ್ತವೆ.) ‘ರಫೀಕಿ’ ಎಂದರೆ ಗೆಳೆಯ, ಇದು ಅರಬ್ಬಿಯಿಂದ ಸ್ವಾಹಿಲಿಗೆ ಬಂದುದು, ನಮ್ಮಲ್ಲಿಯ ‘ರಫೀಕ್’ ಎಂಬ ಹೆಸರಿಗೆ ನಿಜವಾಗಿಯೂ ಸಂಬಂಧಿ. ರಾಣಿಯ ಹೆಸರಾದ ‘ಸರಾಬಿ’ಗೆ ಬಿಸಿಲ್ಗುದುರೆ ಎಂದರ್ಥ. ಆದರೆ ಹೆಚ್ಚು ವಿಚಾರಾರ್ಹವಾದುದು ಕತ್ತೆಕಿರುಬಗಳ ನಾಯಕಿಗೆ ಇಟ್ಟಿರುವ ‘ಶೆಂಜಿ’ ಎಂಬ ಹೆಸರು. ಪೂರ್ವ ಆಫ್ರಿಕಾದ ಕರಾವಳಿಯ ಪಟ್ಟಣಿಗರು ಒಳನಾಡಿನ ಜನರನ್ನು ‘ವಾಶೆಂಜಿ’, ಅಂದರೆ ಅನಾಗರಿಕರು, ಎಂದು ಕರೆಯುತ್ತಿದ್ದರು. ಮುಂದೆ ಬಿಳಿಯ ವಸಾಹತುಗಾರರೂ ಕೀಳೆಂದು ಕಂಡುದಕ್ಕೆಲ್ಲ ಅದೇ ಮಾತನ್ನು ಬಳಸಿದರು. ನಮ್ಮ ‘ಮ್ಲೇಚ್ಛ’ ಶಬ್ದದ ಚರಿತ್ರೆಯನ್ನು ಬಲ್ಲವರಿಗೆ ಇದರ ಭಾರ ತಿಳಿಯದಿರದು. ರಾಜಮನೆತನಕ್ಕೆ ಘನತೆಯ ಹೆಸರು, ಗಡಿಯಾಚೆಗೆ ತಳ್ಳಲ್ಪಟ್ಟವರಿಗೆ ಬೈಗುಳದ ಹೆಸರು ಎಂಬ ವಿಂಗಡಣೆಯನ್ನು ಚಿತ್ರವು ಯಾವ ವ್ಯಾಖ್ಯಾನವೂ ಇಲ್ಲದೆ ತನ್ನದಾಗಿಸಿಕೊಂಡಿದೆ.

ಈ ವಿಂಗಡಣೆಗೆ ನಿಸರ್ಗದ ಆಧಾರವೂ ಇಲ್ಲ. ತಂದೆಯನ್ನು ಕಳೆದುಕೊಂಡು ದೇಶಭ್ರಷ್ಟನಾದ ಕುಮಾರನು ಮರಳಿ ಬಂದು ಪಟ್ಟವೇರುವುದು ಚಿತ್ರದ ಕಥಾವಸ್ತು. ನಿಜದಲ್ಲಿ ಸಿಂಹದ ಗುಂಪಿನಲ್ಲಿ ಸ್ಥಿರವಾಗಿ ನಿಲ್ಲುವವು ಪರಸ್ಪರ ರಕ್ತಸಂಬಂಧವುಳ್ಳ ಹೆಣ್ಣುಗಳು. ಗಂಡುಮರಿಗಳು ಬೆಳೆದಂತೆ ಗುಂಪನ್ನು ತೊರೆದು ಬೇರೆಡೆ ನೆಲೆ ಹುಡುಕುತ್ತವೆ. ಕತ್ತೆಕಿರುಬಗಳ ಸಂಗತಿಯೂ ಹಾಗೆಯೇ. ಗೊರೊಂಗೊರೊದಲ್ಲಿ ಹಾನ್ಸ್ ಕ್ರೂಕ್ ನಡೆಸಿ 1972ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನವು ಅವು ಸಮರ್ಥ ಬೇಟೆಗಾರರೆಂಬುದನ್ನೂ, ಅವು ಕೊಂದುದನ್ನು ಸಿಂಹಗಳೇ ಕಸಿದು ತಿನ್ನುವುದುಂಟೆಂಬುದನ್ನೂ ತೋರಿಸಿಕೊಟ್ಟಿತು. ಹೀಗಾಗಿ ಚಿತ್ರದಲ್ಲಿರುವ ವಂಶಾಡಳಿತವು ಪೂರ್ತಿಯಾಗಿ ಮಾನವ ನಿರ್ಮಿತಿ.

ಮನುಷ್ಯರಿಲ್ಲದ ಸವನ್ನಾ ಎಂಬುದೂ ಅಂಥದೇ ನಿರ್ಮಿತಿ. ಪೂರ್ವ ಆಫ್ರಿಕಾದ ಹುಲ್ಲುಗಾವಲುಗಳನ್ನು ಪಶುಪಾಲಕರು ತಮ್ಮ ಮೇವು ಮತ್ತು ಬೆಂಕಿಯ ಪದ್ಧತಿಗಳಿಂದ ಶತಮಾನಗಳ ಕಾಲ ರೂಪಿಸಿದ್ದಾರೆ. 1959ರಲ್ಲಿ, ಬ್ರಿಟಿಷ್ ಆಡಳಿತದಲ್ಲಿದ್ದ ಟ್ಯಾಂಗನಿಕಾದಲ್ಲಿ, ಮಾಸಾಯಿ ಜನರನ್ನು ಸೆರೆಂಗೆಟಿ ಉದ್ಯಾನದಿಂದ ಹೊರಗೆ ಸ್ಥಳಾಂತರಿಸಲಾಯಿತು. ‘ಸೆರೆಂಗೆಟಿ’ ಎಂಬ ಹೆಸರಿನ ಮೂಲ ಮಾಸಾಯಿ ಭಾಷೆಯದೆಂದೇ ಹೇಳಲಾಗುತ್ತದೆ. ಜನ ಹೊರಬಿದ್ದರು, ಅವರ ಪದ ನೆಲಕ್ಕೆ ಅಂಟಿಕೊಂಡಿತು.

ಇಲ್ಲಿ ದುರ್ಗಸಿಂಹನ ‘ಪಂಚತಂತ್ರ’ವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಪಿಂಗಳಕನೆಂಬ ಸಿಂಹದ ರಾಜ್ಯಕ್ಕೆ ಕಂಟಕ ಒದಗುವುದು ವ್ಯಾಪಾರಿಯೊಬ್ಬನು ದಾರಿಯಲ್ಲಿ ಬಿಟ್ಟುಹೋದ ಎತ್ತಿನಿಂದ. ಆ ಕಾಡಿನ ಅಂಚಿನಲ್ಲಿ ಮನುಷ್ಯರ ಹೆದ್ದಾರಿಯಿದೆ. ಅದಕ್ಕಿಂತ ಮುಖ್ಯವಾಗಿ, ಹನ್ನೊಂದನೆಯ ಶತಮಾನದ ಈ ಕವಿ ಗುಣಾಢ್ಯನನ್ನೂ ವಸುಭಾಗಭಟ್ಟನನ್ನೂ ಹೆಸರಿಸಿ, ತನ್ನ ಕಥೆಗಳು ಯಾರಿಂದ ಬಂದವೆಂಬುದನ್ನು ಹೇಳಿಯೇ ಮುಂದುವರಿಯುತ್ತಾನೆ. ಹಾಲಿವುಡ್ಡಿನ ಸಿಂಹಕಥೆಯಲ್ಲಿ ಈ ಋಣಸ್ಮರಣೆ ನ್ಯಾಯಾಲಯದ ಮೂಲಕ ಆಗಬೇಕಾಯಿತು.

ಚಿತ್ರದ ಒಂದು ಸನ್ನಿವೇಶದಲ್ಲಿ ಬಂದುಹೋಗುವ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಹಾಡಿನ ಮೂಲ ‘ಂಬೂಬೆ’. ಜುಲು ಭಾಷೆಯಲ್ಲಿ ಸಿಂಹವೆಂದರ್ಥ. ಅದನ್ನು 1939ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಧ್ವನಿಮುದ್ರಿಸಿದವನು ಸಾಲೊಮನ್ ಲಿಂಡಾ. ಹಕ್ಕಿಗಾಗಿ ಅವನಿಗೆ ದೊರೆತುದು ಹತ್ತು ಶಿಲಿಂಗ್ ಎಂಬುದು ಪ್ರಚಲಿತ ವಿವರ. ಅಮೆರಿಕದ ಗಾಯಕರು ಜುಲು ಪಲ್ಲವಿಯನ್ನು ತಪ್ಪಾಗಿ ಕೇಳಿಸಿಕೊಂಡು ‘ವಿಮೊವೆ’ ಎಂದು ಹಾಡಿದರು. ಅವರ ಪಾಲಿಗೆ ಅದು ಆಫ್ರಿಕಾದ ಜನಪದ ಗೀತೆ. ‘ಜನಪದ’ ಎಂಬ ಮುದ್ರೆ ಬಿದ್ದೊಡನೆ ಕರ್ತೃವನ್ನು ಹುಡುಕುವ ಹೊಣೆ ತಪ್ಪಿತು. ಸಂಗ್ರಹಗಳಲ್ಲಿ ಹಾಡನ್ನು ಅಚ್ಚಿಟ್ಟು ಹಾಡಿದವರ ಹೆಸರನ್ನು ಬಿಟ್ಟುಬಿಡುವ ರೂಢಿ ನಮ್ಮ ಕ್ಷೇತ್ರಕಾರ್ಯದಲ್ಲಿಯೂ ಅಪರಿಚಿತವೇನಲ್ಲ. ಲಿಂಡಾ 1962ರಲ್ಲಿ ಬಡವನಾಗಿಯೇ ತೀರಿಕೊಂಡನು.

ಕರ್ತೃವಿನ ಮರಣಾನಂತರ 25 ವರ್ಷಗಳಿಗೆ ಹಕ್ಕು ವಾರಸುದಾರರಿಗೆ ಮರಳಬೇಕೆಂಬ ನಿಯಮ 1911ರ ಬ್ರಿಟಿಷ್ ಕೃತಿಸ್ವಾಮ್ಯ ಕಾಯಿದೆಯಲ್ಲಿತ್ತು. ವಸಾಹತು ಪ್ರಭುತ್ವದ ಆ ಕಾಯಿದೆಯನ್ನೇ ಆಧರಿಸಿ 2004ರಲ್ಲಿ ಲಿಂಡಾನ ವಾರಸುದಾರರ ಪರವಾಗಿ ಡಿಸ್ನಿ ಸಂಸ್ಥೆಯ ವಿರುದ್ಧ ದಾವೆ ಹೂಡಲಾಯಿತು. 2006ರಲ್ಲಿ ರಾಜಿಯಾಯಿತು. ‘ಂಬೂಬೆ’ಯೇ ಆ ಹಾಡಿನ ಮೂಲವೆಂದೂ ಲಿಂಡಾ ಅದರ ಸಹಕರ್ತೃವೆಂದೂ ಒಪ್ಪಲಾಯಿತು.